ತೋಟದ ಕಾಫಿ ಹೊರದೇಶಕ್ಕೆ: ಪೋಸ್ಟಾ, ಕೊರಿಯರ್ರಾ, ಅಮೆಜಾನಾ, ಎಕ್ಸ್‌ಪೋರ್ಟರಾ?

ಕೊಡಗಿನಲ್ಲಿ ತೋಟದ ಜೊತೆ ಹೋಮ್‌ಸ್ಟೇ ನಡೆಸುವವರಿಗೆ, ಮನೆಯಲ್ಲೇ ಸಣ್ಣ ರೋಸ್ಟರ್ ಇಟ್ಟುಕೊಂಡು ಕಾಫಿ ಹುರಿಯುವವರಿಗೆ ಇಂಥ ಮೆಸೇಜ್ ಹೊಸದಲ್ಲ. "ನಿಮ್ಮಲ್ಲಿ ಕುಡಿದ ಕಾಫಿ ಇಲ್ಲಿ ಸಿಗ್ತಿಲ್ಲ. ಎರಡು ಕೆ.ಜಿ. ಕಳಿಸ್ತೀರಾ?" ಕೇಳಿದವರು ದುಬೈಯಲ್ಲಿರಬಹುದು, ನ್ಯೂಜೆರ್ಸಿಯಲ್ಲಿರಬಹುದು, ಮ್ಯೂನಿಕ್‌ನಲ್ಲೂ ಇರಬಹುದು. ದುಡ್ಡು ಕೊಡಲು ಅವರು ತಯಾರು, ಕಳಿಸಲು ನೀವೂ ತಯಾರು. ಅಲ್ಲಿಂದ ಮುಂದೆ ಗೋಜಲು ಶುರು. ಪೋಸ್ಟಾಫೀಸಿನಲ್ಲಿ ಒಂದು ರೇಟು, ಕೊರಿಯರ್‌ನಲ್ಲಿ ಅದರ ಎರಡು ಪಾಲು. ಒಬ್ಬ ಏಜೆಂಟ್ "ಗಿಫ್ಟ್ ಅಂತ ಬರೀರಿ, ಹೋಗುತ್ತೆ" ಅನ್ನುತ್ತಾನೆ, ಇನ್ನೊಬ್ಬ ಆರು ಕಾಗದ ಕೇಳುತ್ತಾನೆ.

ಈ ಗೋಜಲಿನಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ಹುರಿದ ಕಾಫಿಯ ಮಾತು. ಕರಿಮೆಣಸು, ಏಲಕ್ಕಿ, ಜೇನು ನಡುನಡುವೆ ಬರುತ್ತವೆ. ಪಂದಿ ಉಪ್ಪಿನಕಾಯಿ ಮತ್ತು ಮನೆಯಲ್ಲಿ ಮಾಡಿದ ವೈನ್ ಕಳಿಸಬಹುದಾ ಎಂದು ಕೇಳುವವರು ಬಹಳ ಜನ. ಅವರಿಗೆ ಈಗಲೇ ಹೇಳಿಬಿಡುತ್ತೇನೆ: ಬೇಡ. ಮಾಂಸದ ಪದಾರ್ಥವನ್ನು ಹೆಚ್ಚಿನ ದೇಶಗಳು ಗಡಿಯಲ್ಲೇ ನಾಶ ಮಾಡುತ್ತವೆ. ಮದ್ಯವನ್ನು ಅಂಚೆಯಲ್ಲಿ ಕಳಿಸುವಂತೆಯೇ ಇಲ್ಲ.

ರೇಟಿಗಿಂತ ಮೊದಲು ನೋಡಬೇಕಾದ್ದು

ಎಲ್ಲರೂ ಮೊದಲು ಕೇಳುವುದು "ಕೆ.ಜಿ.ಗೆ ಎಷ್ಟು?" ಅಂತ. ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಪ್ರಶ್ನೆ. ಮೊದಲನೆಯದು, ಆ ಕಡೆ ಬಾಗಿಲಲ್ಲಿ ಸುಂಕ ಕಟ್ಟುವವರು ಯಾರು? ಹೊರದೇಶದ ಆನ್‌ಲೈನ್ ವ್ಯಾಪಾರದಲ್ಲಿ ಮನಸ್ತಾಪ ಆಗುವುದೇ ಇಲ್ಲಿ. ಗಿರಾಕಿ ನಿಮಗೆ ಪೂರ್ತಿ ಹಣ ಕೊಟ್ಟಾಗಿದೆ. ಎರಡು ವಾರದ ಮೇಲೆ ಅವರ ಮನೆಗೆ ಕೊರಿಯರ್‌ನವರು ಬಂದು ತೆರಿಗೆ ಜೊತೆಗೆ ತಮ್ಮ ಹ್ಯಾಂಡ್ಲಿಂಗ್ ಚಾರ್ಜನ್ನೂ ಕೇಳುತ್ತಾರೆ. ಕಾಫಿಯ ಬೆಲೆಗಿಂತ ಅದೇ ಜಾಸ್ತಿ ಅನ್ನಿಸಿದರೆ ಅವರು ಪಾರ್ಸೆಲ್ ಬೇಡ ಎನ್ನುತ್ತಾರೆ. ಆಗ ಕಾಫಿಯೂ ಹೋಯಿತು, ಗಿರಾಕಿಯೂ ಹೋದರು.

ಇದಕ್ಕೆ ವ್ಯಾಪಾರದಲ್ಲಿ ಎರಡು ಪದ ಇವೆ. ಡಿಡಿಪಿ ಎಂದರೆ ಸುಂಕ, ತೆರಿಗೆ ಎಲ್ಲವನ್ನೂ ಕಳಿಸುವವರೇ ಕಟ್ಟಿ ಕಳಿಸುವುದು. ಡಿಡಿಯು ಅಥವಾ ಡಿಎಪಿ ಎಂದರೆ ತಲುಪಿದ ಮೇಲೆ ಪಡೆಯುವವರು ಕಟ್ಟುವುದು. ಯಾವ ದಾರಿ ಹಿಡಿದರೂ ಬುಕ್ ಮಾಡುವ ಮೊದಲು ಇವೆರಡರಲ್ಲಿ ಯಾವುದು ಎಂದು ಬಾಯಿಬಿಟ್ಟು ಕೇಳಿ. ಗಿರಾಕಿಗೂ ಬರೆದು ತಿಳಿಸಿ.

ಎರಡನೆಯದು, ಹಣ ಹೇಗೆ ಬರುತ್ತದೆ? ರಫ್ತಿನ ಹಣ ಬ್ಯಾಂಕಿನ ಲೆಕ್ಕದಲ್ಲಿ ರಫ್ತಿನ ಹಣವಾಗಿಯೇ ಬರಬೇಕು. ವೆಸ್ಟರ್ನ್ ಯೂನಿಯನ್‌ನಂಥ, ಮನೆಯವರಿಗೆ ಹಣ ಕಳಿಸುವ ಸೇವೆಗಳು ವ್ಯಾಪಾರಕ್ಕಲ್ಲ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಆದರೆ ಹೊರದೇಶದಿಂದ ಹಣ ತರಿಸಲು ಈಗಲೂ ಬಳಸಬಹುದು. ಅದರ ಕಮಿಷನ್ ಮತ್ತು ಡಾಲರ್‌ನಿಂದ ರೂಪಾಯಿಗೆ ಬದಲಿಸುವಾಗ ಹೋಗುವುದು, ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಸಣ್ಣ ಬಿಲ್ಲಿಗೆ ಅದು ಚುರುಕು ಮುಟ್ಟಿಸುತ್ತದೆ. ಕಾರ್ಡಿನಲ್ಲಿ ಕೊಟ್ಟ ಗಿರಾಕಿ "ಪಾರ್ಸೆಲ್ ಬಂದಿಲ್ಲ" ಎಂದು ತಿಂಗಳುಗಳ ಮೇಲೂ ಹಣ ವಾಪಸ್ ಕೇಳಬಹುದು. ತಲುಪಿದ್ದಕ್ಕೆ ಟ್ರ್ಯಾಕಿಂಗ್ ಪುರಾವೆ ಇಲ್ಲದಿದ್ದರೆ ನಿಮ್ಮ ಮಾತು ನಿಲ್ಲುವುದಿಲ್ಲ.

ಮೂರನೆಯದು, ವಾಪಸ್ ಬಂದರೆ ಏನು? ಇದನ್ನು ಯಾರೂ ಯೋಚಿಸುವುದಿಲ್ಲ. ಭಾರತಕ್ಕೆ ಬರುವ ಕಾಫಿಗೆ ಮೂಲ ಸುಂಕವೇ 100%. ನಿಮ್ಮದೇ ತೋಟದ ಕಾಫಿ ತಿರುಗಿ ಬಂದಾಗ, ಅದು ಇಲ್ಲಿಂದಲೇ ಹೋದದ್ದು ಎನ್ನಲು ರಫ್ತಿನ ಬಿಲ್ ಇಲ್ಲದಿದ್ದರೆ ಕಸ್ಟಮ್ಸ್ ಕಣ್ಣಿಗೆ ಅದು ಹೊರದೇಶದ ಕಾಫಿಯೇ. ಹಾಗಾಗಿ ಸಣ್ಣ ಪಾರ್ಸೆಲ್‌ಗೆ ನನ್ನ ಸಲಹೆ ಇಷ್ಟೇ. ತಲುಪದಿದ್ದರೆ ವಾಪಸ್ ತರಿಸಬೇಡಿ. ಅಲ್ಲೇ ಬಿಟ್ಟುಬಿಡುವ ಆಯ್ಕೆಯನ್ನು ಫಾರ್ಮಿನಲ್ಲಿ ಗುರುತಿಸಿ, ಗಿರಾಕಿಗೆ ಹೊಸದು ಕಳಿಸಿ ಅಥವಾ ಹಣ ಕೊಟ್ಟುಬಿಡಿ. ಈ ನಷ್ಟ ಬೆಲೆಯೊಳಗೇ ಕೂತಿರಬೇಕು.

ಆಮೇಲೆ ಸಾಗಣೆ ರೇಟು, ತಲುಪುವ ದಿನ, ನಮ್ಮ ಊರಿಗೆ ಪಿಕಪ್ ಇದೆಯೇ ಇಲ್ಲವೇ ಅನ್ನುವುದು.

ಯಾವ ದಾರಿಗೂ ಬೇಕಾದ ಕಾಗದ

ಒಂದು ಪ್ಯಾಕೆಟ್ಟಾದರೂ ಸರಿ, ಹಣ ಪಡೆದು ಕಳಿಸಿದರೆ ಅದು ರಫ್ತು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅಂದರೆ ಡಿಜಿಎಫ್‌ಟಿಯಿಂದ ಐಇಸಿ, ಅಂದರೆ ಆಮದು ರಫ್ತು ಮಾಡುವವರ ಗುರುತಿನ ನಂಬರ್ ಬೇಕು. ಆನ್‌ಲೈನ್‌ನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಏನೂ ಬದಲಾವಣೆ ಇಲ್ಲದಿದ್ದರೂ, ಒಮ್ಮೆ ಒಳಹೋಗಿ ಖಚಿತಪಡಿಸಬೇಕು. ಮರೆತರೆ ಅದು ನಿಷ್ಕ್ರಿಯವಾಗುತ್ತದೆ. ಎಷ್ಟೋ ಜನರ ಮೊದಲ ಪಾರ್ಸೆಲ್ ನಿಲ್ಲುವುದು ಇಲ್ಲೇ.

ಜಿಎಸ್‌ಟಿಯಲ್ಲಿ ಬೆಳೆಗಾರರು ಎಡವುವ ಜಾಗ ಒಂದಿದೆ. ತೋಟದ ಚೆರಿ ಕಾಫಿಯನ್ನೋ (ಹಣ್ಣನ್ನು ಹಾಗೇ ಒಣಗಿಸಿದ್ದು) ಪಾರ್ಚ್‌ಮೆಂಟನ್ನೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ವ್ಯಾಪಾರಿಗೆ ಕೊಡುವಾಗ ಕೃಷಿಕ ಎಂಬ ರಿಯಾಯಿತಿ ಇರುತ್ತದೆ. ಹುರಿದು, ಪ್ಯಾಕ್ ಮಾಡಿ, ಹೆಸರು ಹಾಕಿ ಹೊರದೇಶಕ್ಕೆ ಮಾರಿದರೆ ಆ ರಿಯಾಯಿತಿ ಇಲ್ಲ. ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕು. ರಫ್ತಿನ ಮೇಲೆ ತೆರಿಗೆ ಶೂನ್ಯವೇನೋ ಹೌದು. ಆದರೆ ತೆರಿಗೆ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ಹಣಕಾಸು ವರ್ಷಕ್ಕೂ ಹಾಕಬೇಕು. ಜೊತೆಗೆ ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಪರವಾನಗಿ. ಕಾಫಿಗೆ ಕಾಫಿ ಮಂಡಳಿಯಲ್ಲಿ ರಫ್ತುದಾರರ ನೋಂದಣಿ. ಕರಿಮೆಣಸು, ಏಲಕ್ಕಿಗೆ ಸಂಬಾರ ಮಂಡಳಿಯ ಸಿಆರ್‌ಇಎಸ್ ಪ್ರಮಾಣಪತ್ರ.

ಪಟ್ಟಿ ಉದ್ದ ಅನ್ನಿಸುತ್ತೆ, ಅಲ್ವಾ? ಅದಕ್ಕೇ ಮೊದಲ ವರ್ಷ ಒಂದೇ ಪದಾರ್ಥ, ಒಂದೇ ದೇಶ ಇಟ್ಟುಕೊಳ್ಳಿ. ಕಾಫಿ, ಮೆಣಸು, ಜೇನು ಮೂರನ್ನೂ ಒಂದೇ ಡಬ್ಬಿಗೆ ಹಾಕಿ "ಕೂರ್ಗ್ ಹ್ಯಾಂಪರ್" ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಡಬ್ಬಿಗೆ ಮೂರು ಇಲಾಖೆಯ ನಿಯಮ, ಮೂರು ಸುಂಕದ ಕೋಡ್. ಮೂರರಲ್ಲಿ ಒಂದು ನಿಂತರೂ ಇಡೀ ಡಬ್ಬಿ ನಿಲ್ಲುತ್ತದೆ. ಅದರಲ್ಲೂ ಜೇನಿನ ವಿಷಯಕ್ಕೆ ಯುರೋಪ್ ಮತ್ತು ನ್ಯೂಜಿಲೆಂಡ್ ಬಹಳ ಬಿಗಿ. ನನ್ನ ಮಾತು ಕೇಳಿದರೆ ಜೇನನ್ನು ಇಲ್ಲೇ ಮಾರಿ.

ಡಬ್ಬಿಯ ಮೇಲೆ ಬರೆಯುವ ಕೋಡ್ ಕೂಡ ಸರಿಯಿರಲಿ. ಹುರಿದ, ಕೆಫೀನ್ ತೆಗೆಯದ ಕಾಫಿಗೆ 0901 21. ಹುರಿಯದ ಬೀಜಕ್ಕೆ 0901 11. ಇಡಿ ಕರಿಮೆಣಸಿಗೆ 0904 11. ಚಿಕೋರಿ ಬೆರೆಸಿದ ಪುಡಿಗೆ ಕೋಡೂ ಬೇರೆ, ಲೇಬಲ್ಲೂ ಬೇರೆ. ಆದ್ದರಿಂದ ಶುದ್ಧ ಕಾಫಿಯೇ ಸಲೀಸು. ಆಗುವುದಾದರೆ ಪುಡಿ ಬಿಟ್ಟು ಬೀಜವನ್ನೇ ಕಳಿಸಿ. ಎಲ್ಲಿಯೇ ತೆರೆದು ನೋಡಿದರೂ ಬೀಜ ಕಂಡರೆ ಕಾಫಿ ಎಂದು ಗೊತ್ತಾಗುತ್ತದೆ. ಪುಡಿ ಕಂಡರೆ ಪರೀಕ್ಷೆಗೆ ಹೋಗುವ ಸಂಭವ ಜಾಸ್ತಿ. ವಾರಗಟ್ಟಲೆ ದಾರಿಯಲ್ಲಿದ್ದರೂ ಬೀಜದ ಘಮ ಪುಡಿಗಿಂತ ಉಳಿಯುತ್ತದೆ.

ಕಾಗದವೇ ಬೇಡ ಅನ್ನುವವರಿಗೆ ಒಂದು ದಾರಿ

ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಹೊರಗಿರುವ ನಮ್ಮೂರಿನವರೇ ಆಗಿದ್ದರೆ, ರಫ್ತನ್ನೇ ಮಾಡಬೇಡಿ. ಅವರು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ, ಇಲ್ಲ ಅವರ ಅಪ್ಪ ಅಮ್ಮ ಅಲ್ಲಿಗೆ ಹೋಗುತ್ತಾರೆ. ಕಾಫಿಯನ್ನು ಗೋಣಿಕೊಪ್ಪದ ಅವರ ಮನೆಗೋ, ಬೆಂಗಳೂರಿನ ನೆಂಟರ ಮನೆಗೋ ತಲುಪಿಸಿ. ಹಣ ಅವರ ಎನ್‌ಆರ್‌ಓ ಖಾತೆಯಿಂದ (ಹೊರದೇಶದಲ್ಲಿರುವವರು ಇಲ್ಲಿನ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಯುಪಿಐನಲ್ಲಿ ಬರಲಿ. ಅದು ಪೂರ್ತಿ ದೇಶದೊಳಗಿನ ಮಾರಾಟ. ಸೂಟ್‌ಕೇಸಿನಲ್ಲಿ ಹೋಗುವ, ಸೀಲ್ ಮಾಡಿದ ಹುರಿದ ಕಾಫಿಗೆ ಅಮೆರಿಕದಲ್ಲಿ ತಕರಾರಿಲ್ಲ. ಆಸ್ಟ್ರೇಲಿಯಾದಲ್ಲಾದರೆ ತಿನ್ನುವ ಕುಡಿಯುವ ಪದಾರ್ಥ ಇದೆ ಎಂದು ಪ್ರಯಾಣಿಕರ ಕಾರ್ಡಿನಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಅಲ್ಲಿ ದಂಡ ದೊಡ್ಡದು.

ಇದು ವ್ಯಾಪಾರ ಬೆಳೆಸುವ ದಾರಿಯಲ್ಲ. ಆದರೂ ಖರ್ಚು ಅತಿ ಕಡಿಮೆ, ಕಿರಿಕಿರಿ ಅತಿ ಕಡಿಮೆ. ತಿಂಗಳಿಗೆ ಒಂದೋ ಎರಡೋ ವಿಚಾರಣೆ ಬರುವವರಿಗೆ ಇಷ್ಟು ಸಾಕು.

ಅಂಚೆ

ಎರಡು ಕೆ.ಜಿ.ಯೊಳಗಿನ ಪಾರ್ಸೆಲ್‌ಗೆ ನಾನು ಮೊದಲು ಹೇಳುವ ಹೆಸರು ಅಂಚೆಯದ್ದೇ. ಮೊದಲ ಕಾರಣ, ಅದು ಇದೆ. ಕೊಡಗಿನಲ್ಲಿ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ದೊಡ್ಡ ಕೊರಿಯರ್‌ಗಳು ನಾಪೋಕ್ಲು, ಶನಿವಾರಸಂತೆ, ಶ್ರೀಮಂಗಲದ ಕಡೆಗೆ ಬರುವುದಕ್ಕೆ ಹಿಂದೆಮುಂದೆ ನೋಡುತ್ತವೆ. ಅಂಚೆ ಕಚೇರಿ ಮಾತ್ರ ಎಲ್ಲ ಕಡೆ ಇದೆ.

ಎರಡನೆಯ ಕಾರಣ, 2022ರಲ್ಲಿ ಅಂಚೆ ರಫ್ತಿನ ನಿಯಮಗಳೇ ಬದಲಾದವು. ಅದಕ್ಕಿಂತ ಮೊದಲು ಮಾರಾಟಗಾರರು ವಿದೇಶಿ ಅಂಚೆ ಕಚೇರಿಯಿರುವ ದೊಡ್ಡ ನಗರಕ್ಕೆ ಓಡಾಡಿ ಬಿಲ್ ಕೊಡಬೇಕಿತ್ತು. ಈಗ ಡಾಕ್ ಘರ್ ನಿರ್ಯಾತ್ ಕೇಂದ್ರ ಎಂಬ ವ್ಯವಸ್ಥೆ ಇದೆ. ಮನೆಯಲ್ಲೇ ಆನ್‌ಲೈನ್‌ನಲ್ಲಿ ಅಂಚೆ ರಫ್ತು ಬಿಲ್ ತುಂಬಿ, ಲೇಬಲ್ ತೆಗೆದು, ಹತ್ತಿರದ ಕೇಂದ್ರದಲ್ಲಿ ಪಾರ್ಸೆಲ್ ಕೊಡಬಹುದು. ಕಸ್ಟಮ್ಸ್ ಕೆಲಸ ಮುಂದೆ ವಿದೇಶಿ ಅಂಚೆ ಕಚೇರಿಯಲ್ಲಿ ನಡೆಯುತ್ತದೆ. ನಿಮ್ಮ ಭಾಗಕ್ಕೆ ಯಾವ ಕೇಂದ್ರ ಎಂದು ಮಡಿಕೇರಿಯ ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿ. ಕೌಂಟರ್‌ನಲ್ಲಿ "ಫಾರಿನ್ ಪಾರ್ಸೆಲ್" ಎಂದಷ್ಟೇ ಹೇಳಿದರೆ ಉಡುಗೊರೆಯ ಫಾರ್ಮ್ ಕೈಗೆ ಬರುವುದೂ ಉಂಟು. "ವ್ಯಾಪಾರದ್ದು, ಅಂಚೆ ರಫ್ತು ಬಿಲ್ ಬೇಕು" ಎಂದು ಸ್ಪಷ್ಟವಾಗಿ ಹೇಳಿ.

ಅಂಚೆಯಲ್ಲೂ ದರ್ಜೆಗಳಿವೆ. ಇಎಂಎಸ್ ಸ್ಪೀಡ್ ಪೋಸ್ಟ್ ಬೇಗ ಹೋಗುತ್ತದೆ, ರೇಟು ಜಾಸ್ತಿ. ಅಂತರರಾಷ್ಟ್ರೀಯ ಟ್ರ್ಯಾಕ್ಡ್ ಪ್ಯಾಕೆಟ್ ಸಣ್ಣ ಮಾರಾಟಗಾರರಿಗಾಗಿಯೇ ಮಾಡಿದ್ದು. ಅಗ್ಗ, ನಿಧಾನ. ಎಲ್ಲ ದೇಶಕ್ಕೂ ಇಲ್ಲ. ಅರ್ಧ ಕೆ.ಜಿ.ಯ ಎರಡು ಪ್ಯಾಕೆಟ್ ಕಳಿಸುವವರಿಗೆ ಇದೇ ಹೊಂದುತ್ತದೆ.

ಇನ್ನು ಕೊರತೆ. ಹೊರದೇಶ ಮುಟ್ಟಿದ ಮೇಲೆ ಟ್ರ್ಯಾಕಿಂಗ್ ಅಲ್ಲಿನ ಅಂಚೆಯ ಕೈಗೆ ಹೋಗುತ್ತದೆ. ಕೆಲವು ಕಡೆ ದಿನಗಟ್ಟಲೆ ಒಂದೇ ಸಾಲು ತೋರಿಸುತ್ತದೆ. ಗಿರಾಕಿ ಬೆಳಿಗ್ಗೆ ಸಂಜೆ ಮೆಸೇಜ್ ಮಾಡುತ್ತಾರೆ. ಉತ್ತರ ಕೊಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಕಳೆದುಹೋದರೆ ದೂರು, ವಿಚಾರಣೆ, ಪರಿಹಾರ ಎಲ್ಲ ತಿಂಗಳುಗಳ ಕೆಲಸ.

ಇನ್ನೊಂದು, ದೇಶಗಳ ನಡುವಿನ ಜಗಳ ಮೊದಲು ತಟ್ಟುವುದು ಅಂಚೆಗೆ. 2025ರಲ್ಲಿ ನೋಡಿದೆವಲ್ಲ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕ ಇಲ್ಲ ಎಂಬ ರಿಯಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ತೆಗೆಯಿತು. ಅದಕ್ಕೂ ನಾಲ್ಕು ದಿನ ಮೊದಲೇ ಭಾರತೀಯ ಅಂಚೆ ಅಲ್ಲಿಗೆ ವ್ಯಾಪಾರದ ಪಾರ್ಸೆಲ್ ಪಡೆಯುವುದನ್ನು ನಿಲ್ಲಿಸಿತು. ಶುರುವಾಗಿದ್ದು ಅಕ್ಟೋಬರ್ 15ರಂದು, ಅದೂ ಸುಂಕವನ್ನು ಬುಕಿಂಗ್ ಹೊತ್ತಿಗೇ ಇಲ್ಲಿ ಕಟ್ಟುವ ಕ್ರಮದಲ್ಲಿ. ನವೆಂಬರ್‌ನಲ್ಲಿ ಕಾಫಿ, ಚಹಾ, ಸಂಬಾರ ಪದಾರ್ಥಗಳನ್ನು ಅಮೆರಿಕ, ಆ ವರ್ಷ ಹೊರದೇಶದ ಸರಕಿನ ಮೇಲೆ ಹಾಕಿದ್ದ ಹೆಚ್ಚುವರಿ ಸುಂಕದಿಂದ ಹೊರಗಿಟ್ಟಿತು. ಮೂರೇ ತಿಂಗಳಲ್ಲಿ ಇಷ್ಟು ಬದಲಾವಣೆ. ಹಾಗಾಗಿ ಅಮೆರಿಕದ ಬೆಲೆ ಹೇಳುವಾಗ ಹಳೆಯ ಲೆಕ್ಕ ನಂಬಬೇಡಿ, ಕಳಿಸುವ ವಾರದ ರೇಟು ಕೇಳಿ. ಕೆಟ್ಟದ್ದರೊಳಗೆ ಒಂದು ಒಳ್ಳೆಯದೂ ಆಯಿತು. ಸುಂಕ ಇಲ್ಲೇ ಕಟ್ಟುವುದರಿಂದ ಗಿರಾಕಿಯ ಬಾಗಿಲಲ್ಲಿ ಅನಿರೀಕ್ಷಿತ ಬಿಲ್ ಇಲ್ಲ.

ಖಾಸಗಿ ಕೊರಿಯರ್

ಡಿಎಚ್‌ಎಲ್, ಫೆಡೆಕ್ಸ್‌ನಂಥ ಕಂಪನಿಗಳಲ್ಲಿ ಪಾರ್ಸೆಲ್ ದಿನಗಳಲ್ಲಿ ತಲುಪುತ್ತದೆ. ಎಲ್ಲಿದೆ ಎಂಬುದು ಕೊನೆಯವರೆಗೂ ಗೊತ್ತಾಗುತ್ತದೆ, ಡಿಡಿಪಿ ಆಯ್ಕೆಯೂ ಇರುತ್ತದೆ. ನೇರವಾಗಿ ಹೋದರೆ ಸಣ್ಣವರಿಗೆ ರೇಟು ಮೈಮೇಲೆ ಬರುತ್ತದೆ. ಹಲವರ ಪಾರ್ಸೆಲ್ ಒಟ್ಟು ಮಾಡಿ ರಿಯಾಯಿತಿ ದರ ಕೊಡುವ ಅಗ್ರಿಗೇಟರ್‌ಗಳ ಮೂಲಕ ಹೋದರೆ ಸ್ವಲ್ಪ ಇಳಿಯುತ್ತದೆ.

ಕೊರಿಯರ್‌ನಲ್ಲಿ ತೂಕ ಎಂದರೆ ತಕ್ಕಡಿಯ ತೂಕ ಮಾತ್ರ ಅಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದು ಒಂದು ತೂಕ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 30, 25, 20 ಸೆಂಟಿಮೀಟರ್ ಡಬ್ಬಿಗೆ ಬರುವ ಲೆಕ್ಕ 3 ಕೆ.ಜಿ. ಒಳಗೆ ಎರಡೇ ಕೆ.ಜಿ. ಕಾಫಿ ಇದ್ದರೆ ಒಂದು ಕೆ.ಜಿ. ಗಾಳಿಗೆ ಬಾಡಿಗೆ ಕೊಟ್ಟ ಹಾಗೆ. ಚಂದದ ಉಡುಗೊರೆ ಡಬ್ಬಿ, ಒಣಹುಲ್ಲಿನ ಹಾಸು ಎಲ್ಲ ಬೆಂಗಳೂರಿನ ಗಿರಾಕಿಗೆ ಇರಲಿ. ಹೊರದೇಶಕ್ಕೆ ಪ್ಯಾಕೆಟ್‌ಗಳನ್ನು ಒತ್ತಾಗಿ ಜೋಡಿಸುವ ಗಟ್ಟಿ ಡಬ್ಬಿ ಸಾಕು.

ಕಾಗದದ ವಿಷಯದಲ್ಲಿ ಎರಡು ಹೆಸರು ನೆನಪಿಡಿ. ಸಿಎಸ್‌ಬಿ-4 ಉಡುಗೊರೆ ಮತ್ತು ಮಾದರಿಗೆ. ಸಿಎಸ್‌ಬಿ-5 ವ್ಯಾಪಾರಕ್ಕೆ. ಕೆಲವು ಏಜೆಂಟರು ವ್ಯಾಪಾರದ ಪಾರ್ಸೆಲ್ಲನ್ನೂ 4ರಲ್ಲೇ ಹಾಕುತ್ತಾರೆ. ಅವರಿಗೆ ಕೆಲಸ ಕಡಿಮೆ. ನಿಮಗೆ ಮಾತ್ರ ರಫ್ತು ಮಾಡಿದ್ದಕ್ಕೆ ಪುರಾವೆ ಇಲ್ಲ, ಬ್ಯಾಂಕಿಗೆ ಬಂದ ಹಣಕ್ಕೆ ಜೋಡಿಸಲು ಬಿಲ್ ಇಲ್ಲ. ನಾಳೆ ಜಿಎಸ್‌ಟಿಯವರು ಕೇಳಿದರೆ ಅದು ರಫ್ತೇ ಅಲ್ಲ. ಬೆಲೆ ಕಡಿಮೆ ಬರೆದು ಕಳಿಸುವುದೂ ಹಾಗೇ. ಕಳೆದುಹೋದಾಗ ಪರಿಹಾರ ಸಿಗುವುದು ಬರೆದ ಬೆಲೆಗೇ. ಐಇಸಿ, ಜಿಎಸ್‌ಟಿ, ವಿದೇಶಿ ಹಣದ ವ್ಯವಹಾರಕ್ಕೆ ನಿಮ್ಮ ಬ್ಯಾಂಕ್ ಕೊಡುವ ಎಡಿ ಕೋಡ್ ಕೊಟ್ಟು 5ರಲ್ಲೇ ಕಳಿಸಿ. ಅದಕ್ಕೆ ಒಪ್ಪದ ಏಜೆಂಟ್ ಅಗ್ಗವಾದರೂ ಬೇಡ.

ಪಿಕಪ್‌ಗೆ ಬುಕ್ ಮಾಡುವ ಮೊದಲು ಪಿನ್‌ಕೋಡ್ ಹಾಕಿ ನೋಡಿ. ಕುಶಾಲನಗರ, ಮಡಿಕೇರಿ, ವಿರಾಜಪೇಟೆ ಪೇಟೆಗೆ ಇರುವ ಸೌಲಭ್ಯ ಎಂಟು ಕಿಲೋಮೀಟರ್ ಒಳಗಿನ ತೋಟಕ್ಕೆ ಇರುವುದಿಲ್ಲ, ಇದ್ದರೂ ದೂರದ ಚಾರ್ಜ್ ಸೇರುತ್ತದೆ. ಮೈಸೂರಿಗೆ ಹೇಗೂ ಹೋಗುವ ದಿನ ಒಟ್ಟಿಗೆ ತೆಗೆದುಕೊಂಡು ಹೋಗಿ ಅಲ್ಲಿಂದ ಬುಕ್ ಮಾಡುವವರು ಇದ್ದಾರೆ. ಲೆಕ್ಕ ಹಾಕಿದರೆ ಅದು ಸರಿಯೇ.

ಕೊರಿಯರ್ ಯಾರಿಗೆ? ಒಂದೇ ವಿಳಾಸಕ್ಕೆ ನಾಲ್ಕೈದು ಕೆ.ಜಿ. ಕಳಿಸುವವರಿಗೆ, ದುಬಾರಿ ಸ್ಪೆಷಾಲ್ಟಿ ಕಾಫಿ ಮಾರುವವರಿಗೆ, ಹೊರದೇಶದ ಕೆಫೆಗೆ ಮಾದರಿ ಕಳಿಸುವವರಿಗೆ. ಕಾಲು ಕೆ.ಜಿ. ಪ್ಯಾಕೆಟ್ಟಿಗೆ ಕೊರಿಯರ್ ಮಾಡಿದರೆ ಸಾಗಣೆಯೇ ಕಾಫಿಯ ಬೆಲೆಯ ಹಲವು ಪಾಲಾಗುತ್ತದೆ. ಯಾವ ಗಿರಾಕಿಯೂ ಎರಡನೇ ಸಲ ಕೇಳುವುದಿಲ್ಲ.

ದೇಶ ಬದಲಾದರೆ ಲೆಕ್ಕವೂ ಬದಲು

ಅಂಚೆ, ಕೊರಿಯರ್ ಎರಡಕ್ಕೂ ಇದು ಅನ್ವಯ. ಎಮಿರೇಟ್ಸ್‌ನಲ್ಲಿ ಸಾಮಾನ್ಯವಾಗಿ ಸುಂಕ 5%, ವ್ಯಾಟ್ 5%. ಲೆಕ್ಕ ಸುಲಭ, ದಾರಿ ಹತ್ತಿರ, ನಮ್ಮವರೂ ಬಹಳ ಇದ್ದಾರೆ. ಮೊದಲ ದೇಶ ಯಾವುದು ಎಂದು ಕೇಳಿದವರಿಗೆ ನಾನು ಇದನ್ನೇ ಹೇಳುವುದು. ಆಸ್ಟ್ರೇಲಿಯಾದಲ್ಲಿ 1000 ಆಸ್ಟ್ರೇಲಿಯನ್ ಡಾಲರ್ ಒಳಗಿನ ಪಾರ್ಸೆಲ್‌ಗೆ ಗಡಿಯಲ್ಲಿ ಸುಂಕ ಇಲ್ಲ. ಆದರೆ ಅವರ ಜೈವಿಕ ತಪಾಸಣೆ ಕಟ್ಟುನಿಟ್ಟು. ಹುರಿದ ಕಾಫಿ ಮಾತ್ರ ಕಳಿಸಿ, ಒಣಹುಲ್ಲು, ಸೆಣಬಿನ ಚೀಲ ಏನೂ ಒಳಗೆ ಹಾಕಬೇಡಿ. ಕೆನಡಾದ ರಿಯಾಯಿತಿ ಬರೀ 20 ಕೆನಡಿಯನ್ ಡಾಲರ್‌ವರೆಗೆ.

ಬ್ರಿಟನ್‌ನಲ್ಲಿ 135 ಪೌಂಡ್‌ವರೆಗಿನ ಪಾರ್ಸೆಲ್‌ನ ವ್ಯಾಟ್ ಅನ್ನು ಮಾರುವ ಹೊತ್ತಿಗೇ ಲೆಕ್ಕ ಹಾಕಬೇಕು. ಅಲ್ಲಿ ಕಾಫಿಗೆ ವ್ಯಾಟ್ ಶೂನ್ಯ ದರ ಎಂಬುದು ನಮ್ಮ ಪಾಲಿಗೆ ಒಳ್ಳೆಯ ಸುದ್ದಿ. ಐರೋಪ್ಯ ಒಕ್ಕೂಟದಲ್ಲಿ 22 ಯೂರೋವರೆಗಿದ್ದ ವ್ಯಾಟ್ ರಿಯಾಯಿತಿ 2021ರ ಜುಲೈನಿಂದ ಇಲ್ಲ. ಈಗ ಮೊದಲ ಯೂರೋದಿಂದಲೇ ವ್ಯಾಟ್. ಜರ್ಮನಿಯಲ್ಲಿ ಅದರ ಮೇಲೆ ಕಾಫಿಗೇ ಬೇರೆ ತೆರಿಗೆ ಇದೆ. ಹುರಿದ ಕಾಫಿಗೆ ಕೆ.ಜಿ.ಗೆ 2.19 ಯೂರೋ. ಮ್ಯೂನಿಕ್‌ನ ಗಿರಾಕಿಗೆ ಇದನ್ನು ಮೊದಲೇ ಹೇಳಿದರೆ ಅವರು ಯೋಚಿಸಿ ಹೂಂ ಅನ್ನುತ್ತಾರೆ. ಹೇಳದೆ ಕಳಿಸಿದರೆ ನಿಮ್ಮ ಮೇಲೆ ಸಿಟ್ಟಾಗುತ್ತಾರೆ.

ಅಮೆರಿಕಕ್ಕೆ ಸುಂಕದ ಜೊತೆ ಇನ್ನೊಂದು ಕೆಲಸ ಇದೆ. ವ್ಯಾಪಾರದ ಆಹಾರ ಪದಾರ್ಥ ಹೋಗುವ ಮುನ್ನ ಅಲ್ಲಿನ ಆಹಾರ, ಔಷಧ ಇಲಾಖೆ ಎಫ್‌ಡಿಎಗೆ ಮುಂಗಡ ಸೂಚನೆ ಕೊಡಬೇಕು. ತಯಾರಿಸುವ ಜಾಗ ಅವರಲ್ಲಿ ನೋಂದಣಿಯಾಗಿರಬೇಕು, ಅದಕ್ಕೆ ಅಮೆರಿಕದಲ್ಲೊಬ್ಬ ಏಜೆಂಟ್ ಬೇಕು. ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ತಿಂಗಳಿಗೆ ನಾಲ್ಕು ಪ್ಯಾಕೆಟ್ ಮಾರುವವರಿಗೆ ಇದು ಹೊರೆ. ಅಮೆರಿಕದಲ್ಲಿ ನಿಯತವಾದ ಗಿರಾಕಿಗಳ ಗುಂಪು ಸಿಕ್ಕ ಮೇಲೆ ಕೈಹಾಕಿ.

ಅಮೆಜಾನ್, ಎಟ್ಸಿ

ಅಮೆಜಾನ್ ಗ್ಲೋಬಲ್ ಸೆಲ್ಲಿಂಗ್ ಭಾರತದಲ್ಲಿ 2015ರಲ್ಲಿ ಶುರುವಾಯಿತು. ಗಿರಾಕಿಗಳನ್ನು ಅವರೇ ತಂದುಕೊಡುತ್ತಾರೆ, ಹಣ ವಸೂಲಿ ಅವರದು, ಅನೇಕ ದೇಶಗಳಲ್ಲಿ ವ್ಯಾಟ್ ಲೆಕ್ಕವೂ ಅವರದು. ಇದು ಸಣ್ಣ ವಿಷಯವಲ್ಲ. ಎಟ್ಸಿ ಎಂಬ ಇನ್ನೊಂದು ಮಾರುಕಟ್ಟೆ ತಾಣದಲ್ಲಿ ಒಂದು ವಸ್ತು ಪಟ್ಟಿಗೆ ಹಾಕಲು 0.20 ಡಾಲರ್, ಮಾರಾಟವಾದರೆ 6.5% ಕಮಿಷನ್, ಪಾವತಿಯ ಖರ್ಚು ಬೇರೆ. ಕಮಿಷನ್ ಸಾಗಣೆ ಖರ್ಚಿನ ಮೇಲೂ ಬೀಳುತ್ತದೆ ಎಂಬುದನ್ನು ಮರೆಯಬೇಡಿ.

ನನಗೆ ಇದರಲ್ಲಿ ಸಮಾಧಾನ ಇಲ್ಲದ್ದು ಎರಡು ವಿಷಯಕ್ಕೆ. ಒಂದು, ಗಿರಾಕಿ ನಿಮ್ಮವರಾಗುವುದಿಲ್ಲ. ಅವರ ವಿಳಾಸ ಬಳಸಿ ಮುಂದಿನ ಕೊಯ್ಲಿನ ಸುದ್ದಿ ಹೇಳಲು ಅನುಮತಿ ಇಲ್ಲ. ಒಂದು ದೂರು ಬಂದು ಖಾತೆ ತಡೆಹಿಡಿದರೆ ಹಣವೂ ನಿಲ್ಲುತ್ತದೆ, ಮಾತಾಡಲು ಮನುಷ್ಯರು ಸಿಗುವುದಿಲ್ಲ. ಎರಡು, ಅಮೆಜಾನ್ ಗೋದಾಮಿಗೆ ಮೊದಲೇ ಸರಕು ಕಳಿಸಿ ಮಾರುವ ವಿಧಾನ. ಬಟ್ಟೆಗೋ ಹಿತ್ತಾಳೆ ದೀಪಕ್ಕೋ ಅದು ಸರಿ. ಹುರಿದ ಕಾಫಿ ಹುರಿದ ದಿನದಿಂದಲೇ ಹಳೆಯದಾಗುತ್ತಾ ಹೋಗುತ್ತದೆ. ತಾಜಾತನವೇ ನಿಮ್ಮ ಬಂಡವಾಳವಾಗಿದ್ದರೆ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತ ಕಾಫಿ ನಿಮ್ಮ ಹೆಸರನ್ನೇ ಕೆಡಿಸುತ್ತದೆ. ಕರಿಮೆಣಸು, ಏಲಕ್ಕಿ ಮಾರುವವರು ಈ ದಾರಿ ನೋಡಬಹುದು. ಚೆನ್ನಾಗಿ ಒಣಗಿಸಿದ ಮೆಣಸು ಕಾಯುತ್ತದೆ.

ಎಕ್ಸ್‌ಪೋರ್ಟರ್ ಮೂಲಕ

ಹೊರದೇಶದ ಸಣ್ಣ ರೋಸ್ಟರ್ ಒಬ್ಬರು ಹುರಿಯದ ಬೀಜ ಐದಾರು ಚೀಲ ಬೇಕು ಅಂದರೆ ಆಗ ಆನ್‌ಲೈನ್ ಪಾರ್ಸೆಲ್ಲಿನ ಮಾತು ಮುಗಿಯಿತು. ಸಸ್ಯ ಆರೋಗ್ಯ ಪ್ರಮಾಣಪತ್ರ, ಕಾಫಿ ಮಂಡಳಿಯ ಪರವಾನಗಿ ಮತ್ತು ಮೂಲ ಪ್ರಮಾಣಪತ್ರ, 60 ಕೆ.ಜಿ. ಚೀಲ, ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗ್ರೇಡಿಂಗ್, ಮಂಗಳೂರಿನ ಬಂದರು. ಇದನ್ನೆಲ್ಲ ದಿನವೂ ಮಾಡುವವರು ಕುಶಾಲನಗರದಲ್ಲೇ ಇದ್ದಾರೆ. ಅವರ ಕೈಗೆ ಕೊಡಿ. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ. ಹುರಿದ ಕಾಫಿಯನ್ನು ನೋಂದಣಿ ಇರುವ ರಫ್ತುದಾರರಿಗೆ ಮಾರುವಾಗ, ಅವರು 90 ದಿನದೊಳಗೆ ಕಳಿಸುವುದಾದರೆ, ಜಿಎಸ್‌ಟಿ 0.1% ಮಾತ್ರ.

ಲಾಭದಲ್ಲಿ ಪಾಲು ಹೋಗುತ್ತದೆ, ನಿಜ. ಚೀಲದ ಮೇಲೆ ತೋಟದ ಹೆಸರು ಉಳಿಯಬೇಕು ಎಂಬ ಒಂದು ಮಾತನ್ನು ಮಾತ್ರ ಬರವಣಿಗೆಯಲ್ಲಿ ಹಾಕಿಸಿ. ಇಲ್ಲದಿದ್ದರೆ ನಿಮ್ಮ ಕಾಫಿ ಬೇರೆಯವರ ಕಾಫಿಯ ಜೊತೆ ಬೆರೆತು ಹೋಗುತ್ತದೆ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಹೊರದೇಶದ ಖರೀದಿದಾರರು ಇದನ್ನು ಕೇಳುತ್ತಾರೆ.

ಯುರೋಪಿಗೆ ಮಾರುವ ಯೋಚನೆ ಇದ್ದವರು ಇನ್ನೊಂದು ಕೆಲಸ ಈಗಲೇ ಮುಗಿಸಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಐರೋಪ್ಯ ಒಕ್ಕೂಟ ಒಳಗೆ ಬಿಡುವುದಿಲ್ಲ ಎಂಬ ಕಾನೂನು ಬಂದಿದೆ. ಜಾರಿ ಎರಡು ಸಲ ಮುಂದೆ ಹೋಗಿದೆ. ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆ, ಸಣ್ಣವಕ್ಕೆ 2027ರ ಜೂನ್ ಕೊನೆ ಎಂದು ಗೊತ್ತುಮಾಡಿದ್ದಾರೆ. ತೋಟ ನಕ್ಷೆಯಲ್ಲಿ ಎಲ್ಲಿದೆ ಎಂಬ ಗುರುತು ಕೊಡಬೇಕು. ನೆರಳಿನ ಮರಗಳ ಕೆಳಗೆ ಕಾಫಿ ಬೆಳೆಯುವ ನಮಗೆ ಭಯ ಪಡುವ ಕಾರಣ ಇಲ್ಲ. ಆದರೆ ಕುಟುಂಬದಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನಲ್ಲಿ ಪಹಣಿ ಇನ್ನೂ ಹಿರಿಯರ ಹೆಸರಿನಲ್ಲೇ ಇರುವ ಮನೆಗಳು ಎಷ್ಟಿಲ್ಲ! ದಾಖಲೆ ಕೇಳಿದಾಗ ಓಡಾಡುವ ಬದಲು ಕಾಫಿ ಮಂಡಳಿಯ ಸ್ಥಳೀಯ ಕಚೇರಿಯಲ್ಲಿ ಬೆಳೆಗಾರರ ನೋಂದಣಿಯನ್ನು ಈ ವರ್ಷವೇ ಮಾಡಿಸಿ.

ಯಾರಿಗೆ ಯಾವುದು

ಹೋಮ್‌ಸ್ಟೇ ಅತಿಥಿಗಳು ಆಗೊಮ್ಮೆ ಈಗೊಮ್ಮೆ ಕೇಳುತ್ತಾರೆ ಅನ್ನುವವರು ಹೊರಡುವ ದಿನವೇ ಅವರ ಸೂಟ್‌ಕೇಸಿಗೆ ಹಾಕಿಸಿ, ಹೊರದೇಶದ ಮಾರಾಟ ಬಿಟ್ಟುಬಿಡಿ. ತಿಂಗಳಿಗೆ ಹತ್ತಾರು ಆರ್ಡರ್ ಬರುತ್ತಿದ್ದರೆ ಐಇಸಿ ಮಾಡಿಸಿ, ಒಂದೇ ದೇಶ ಆರಿಸಿ, ಅಂಚೆಯ ಟ್ರ್ಯಾಕ್ಡ್ ಪ್ಯಾಕೆಟ್‌ನಿಂದ ಶುರು ಮಾಡಿ. ಕಾಲು ಕೆ.ಜಿ. ಮಾರಬೇಡಿ, ಒಂದು ಕೆ.ಜಿ.ಯನ್ನು ಕನಿಷ್ಠ ಆರ್ಡರ್ ಮಾಡಿ. ಕೈಯಲ್ಲಿ ಸ್ವಲ್ಪ ಬಂಡವಾಳ ಇದ್ದು, ಕೆ.ಜಿ.ಗೆ ಒಳ್ಳೆಯ ಬೆಲೆ ಸಿಗುವ ಮೈಕ್ರೋಲಾಟ್ ಕಾಫಿ (ಆರಿಸಿ ಬೇರೆಯಾಗಿಯೇ ಸಂಸ್ಕರಿಸಿದ ಸಣ್ಣ ಪ್ರಮಾಣದ್ದು) ಇದ್ದರೆ ಕೊರಿಯರ್, ಅದೂ ಡಿಡಿಪಿಯಲ್ಲಿ. ಮೆಣಸು, ಏಲಕ್ಕಿಗೆ ಗಿರಾಕಿಯೇ ಗೊತ್ತಿಲ್ಲ ಅನ್ನುವವರಿಗೆ ಮಾರುಕಟ್ಟೆ ತಾಣ. ಕೆಫೆ, ರೋಸ್ಟರ್ ಕೇಳಿದರೆ ಮಾದರಿ ಕೊರಿಯರ್‌ನಲ್ಲಿ, ಸರಕು ಎಕ್ಸ್‌ಪೋರ್ಟರ್ ಮೂಲಕ.

ಅಂಚೆ ಮತ್ತು ಕೊರಿಯರ್ ನಡುವೆ ಇನ್ನೂ ತೂಗುತ್ತಿದ್ದರೆ ತಿಂಗಳು ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮಳೆಯಲ್ಲಿ ಹುರಿದ ಬೀಜ ತೆರೆದಿಟ್ಟ ಅರ್ಧ ಗಂಟೆಯಲ್ಲೇ ತೇವ ಹೀರುತ್ತದೆ. ಮೆಣಸಿಗೆ ಬೂಸಲು ಹಿಡಿಯುತ್ತದೆ. 2018, 2019ರಂಥ ಮಳೆ ಬಂದರೆ ಘಾಟಿ ರಸ್ತೆಯೇ ಮುಚ್ಚುತ್ತದೆ. ಆ ತಿಂಗಳುಗಳಲ್ಲಿ ಹುರಿದ ದಿನವೇ ವಾಲ್ವ್ ಇರುವ ಪೌಚ್‌ನಲ್ಲಿ ಸೀಲ್ ಮಾಡಿ, ಮೈಸೂರಿಗೆ ಒಯ್ದು ಕೊರಿಯರ್ ಮಾಡುವುದು ದುಡ್ಡು ಜಾಸ್ತಿಯಾದರೂ ಮೇಲು. ಡಿಸೆಂಬರ್ ಇನ್ನೊಂದು ಬಗೆಯ ತೊಂದರೆ. ಕ್ರಿಸ್‌ಮಸ್ ಹೊತ್ತಿಗೆ ಎಲ್ಲ ದೇಶದ ಅಂಚೆಯೂ ತುಂಬಿರುತ್ತದೆ. ಹಬ್ಬಕ್ಕೆ ತಲುಪಬೇಕಾದ ಆರ್ಡರ್‌ಗಳನ್ನು ನವೆಂಬರ್ ಮೊದಲ ವಾರಕ್ಕೇ ನಿಲ್ಲಿಸಿ. ಅಂಚೆಗೆ ಒಳ್ಳೆಯ ಕಾಲ ಫೆಬ್ರವರಿಯಿಂದ ಮೇ ತನಕ. ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ಹೊಸ ಕಾಫಿ ಹುರಿಯಲು ಸಿದ್ಧವಾಗುತ್ತಿರುತ್ತದೆ, ಬಿಸಿಲಿರುತ್ತದೆ, ರಸ್ತೆಯೂ ತೆರೆದಿರುತ್ತದೆ. ಮೊದಲ ಪಾರ್ಸೆಲ್ಲನ್ನು ಆ ತಿಂಗಳುಗಳಲ್ಲೇ ಕಳಿಸಿ, ಸಾಧ್ಯವಾದರೆ ಹಣ ಕೊಟ್ಟ ಅಪರಿಚಿತರಿಗಿಂತ ಮೊದಲು ಅಲ್ಲಿರುವ ನೆಂಟರೊಬ್ಬರಿಗೆ. ಅವರಿಂದಲೂ ಹಣ ಬ್ಯಾಂಕಿನ ಮೂಲಕವೇ ಪಡೆದು, ಬಿಲ್ ಹಾಕಿಯೇ ಕಳಿಸಿ. ಬಾಗಿಲಲ್ಲಿ ಎಷ್ಟು ಕೇಳಿದರು, ಎಷ್ಟು ದಿನ ಹಿಡಿಯಿತು, ಪೌಚ್ ಹೇಗಿತ್ತು ಎಂದು ಫೋಟೋ ತೆಗೆದು ಕಳಿಸಲು ಅವರಿಗೆ ಹೇಳಿ. ಆಮೇಲೆ ಬೆಲೆಪಟ್ಟಿ ಮಾಡಿ.